ಬೈಟುಗಳಿಗೆ ಗಡಿ ಹಾಕಬೇಕಾದವರು ನಾವೇ

1. ಒಂದು ಸೆಂಡ್‌ಗೆ ಒಂದು ರಿಸೀವ್ ಎಂಬ ಲೆಕ್ಕವಿಲ್ಲ

ಚಿತ್ರಗಳನ್ನು ಸ್ವೀಕರಿಸಲು ಸಿ ಭಾಷೆಯಲ್ಲಿ ನಾನು ಬರೆದ ಮೊದಲ ಪ್ರೋಗ್ರಾಂ ನನ್ನ ಕಂಪ್ಯೂಟರಿನೊಳಗೆ ಚೆನ್ನಾಗಿಯೇ ಓಡಿತು. ದೂರದ ಸರ್ವರ್‌ಗೆ ಹಾಕಿದ ಮೇಲೆ ಚಿತ್ರಗಳ ಮೇಲ್ಭಾಗವಷ್ಟೇ ಕಾಣತೊಡಗಿತು, ಕೆಳಗೆಲ್ಲ ಬೂದುಬಣ್ಣ. ತಪ್ಪು ನೆಟ್‌ವರ್ಕಿನದೇ ಎಂದು ಬಹಳ ದಿನ ಹಟ ಹಿಡಿದೆ. ನಿಜಕ್ಕೂ ಬೈಟುಗಳನ್ನು ಸಾಗಿಸುವ ಟಿಸಿಪಿ ಪ್ರೋಟೋಕಾಲ್ ಮಾತು ತಪ್ಪಿರಲಿಲ್ಲ. ಅದು ಬೈಟುಗಳನ್ನು ಕ್ರಮವಾಗಿ ತಲುಪಿಸುತ್ತದೆ, ಆದರೆ ಒಂದು ಸಂದೇಶ ಎಲ್ಲಿ ಮುಗಿಯಿತು ಎಂದು ಹೇಳುವುದಿಲ್ಲ. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್ ದಾಟುವುದಿಲ್ಲ. ನಾವು 65,536 ಬೈಟ್ ಕೇಳಿದರೂ ರಿಸೀವ್ ಆ ಹೊತ್ತಿಗೆ ಬಂದಷ್ಟನ್ನೇ ಕೊಟ್ಟು ಮರಳುತ್ತದೆ. ಬೇಕಾದಷ್ಟು ಕೂಡುವವರೆಗೂ ಲೂಪಿನಲ್ಲಿ ಕೇಳುತ್ತಲೇ ಇರಬೇಕು. ಸೊನ್ನೆ ಬಂದರೆ ಆ ಕಡೆಯವರು ಕಳಿಸುವುದನ್ನು ಮುಗಿಸಿದ್ದಾರೆ ಎಂದರ್ಥ. ಮೈನಸ್ ಒಂದು ಬಂದರೆ ಅದು ದೋಷ. ಅದನ್ನೂ ಒಟ್ಟು ಲೆಕ್ಕಕ್ಕೆ ಸೇರಿಸಿ ನಾನು ಪರದಾಡಿದ್ದುಂಟು.

2. ಉದ್ದವನ್ನು ಮೊದಲೇ ಕಳಿಸಿ; ಬಂದ ಉದ್ದವನ್ನು ಪರೀಕ್ಷಿಸಿ

ಈಗ ಪ್ರತಿ ಸಂದೇಶದ ಮುಂದೆ ನಾಲ್ಕು ಬೈಟಿನಲ್ಲಿ ಅದರ ಉದ್ದ ಇಡುತ್ತೇನೆ, ದೊಡ್ಡ ಬೆಲೆಯ ಬೈಟ್ ಮೊದಲು. ಈ ಕ್ರಮ ಮರೆತು ಇಂಟೆಲ್ ಯಂತ್ರದಲ್ಲಿ ನೇರವಾಗಿ ಓದಿದರೆ 256 ಎಂಬುದು 65,536 ಆಗುತ್ತದೆ. ಆ ನಾಲ್ಕು ಬೈಟುಗಳೂ ಒಟ್ಟಿಗೇ ಬರುತ್ತವೆ ಎಂಬ ಭರವಸೆಯಿಲ್ಲ, ಅವಕ್ಕೂ ಅದೇ ಲೂಪ್ ಬೇಕು. ಬಂದ ಸಂಖ್ಯೆಗೆ ಒಂದು ಮಿತಿ ಹಾಕದೆ ಮೆಮೊರಿ ಕೇಳುವುದು ಅಪಾಯ. 2014ರಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ದೋಷದ ಮೂಲವೂ ಇಂಥದ್ದೇ: ಎದುರಿನವರು ಹೇಳಿದ ಉದ್ದವನ್ನು ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಲೈಬ್ರರಿ ಪರೀಕ್ಷಿಸದೆ ನಂಬಿತು, ಒಂದೊಂದು ಕೋರಿಕೆಗೆ 64 ಕಿಲೋಬೈಟ್‌ವರೆಗೆ ಸರ್ವರಿನ ಮೆಮೊರಿ ಹೊರಗೆ ಸೋರಿತು.

3. ಬೈನರಿ ಎಂದರೆ ಸ್ಟ್ರಿಂಗ್ ಅಲ್ಲ

ಪಿಎನ್‌ಜಿ ಫೈಲಿನ ಒಂಬತ್ತನೇ ಬೈಟೇ ಸೊನ್ನೆ. ಸ್ಟ್ರಿಂಗಿನ ಉದ್ದ ಅಳೆಯುವ ಫಂಕ್ಷನ್ ಸೊನ್ನೆ ಕಂಡಲ್ಲೇ ನಿಲ್ಲುತ್ತದೆ; ಅದಕ್ಕೆ ಕೊಟ್ಟರೆ ಎಷ್ಟೇ ದೊಡ್ಡ ಚಿತ್ರವಾದರೂ 8 ಎನ್ನುತ್ತದೆ. ಉದ್ದವನ್ನು ಬೇರೆ ವೇರಿಯಬಲ್‌ನಲ್ಲೇ ಇಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಫೈಲನ್ನು ಬೈನರಿ ಮೋಡ್‌ನಲ್ಲಿ ತೆರೆಯದಿದ್ದರೆ ಬರೆಯುವಾಗ 10 ಬೆಲೆಯ ಪ್ರತಿ ಬೈಟಿನ ಮುಂದೆ 13 ಬೆಲೆಯ ಒಂದು ಬೈಟ್ ಸೇರಿಕೊಳ್ಳುತ್ತದೆ. ಇಂಥ ಹಾನಿ ಒಡನೆಯೇ ಗೊತ್ತಾಗಲಿ ಎಂದೇ ಪಿಎನ್‌ಜಿ ರೂಪಿಸಿದವರು ಅದರ ಮೊದಲ ಎಂಟು ಬೈಟುಗಳಲ್ಲಿ 13, 10 ಎರಡನ್ನೂ ಇಟ್ಟರು. ಎಷ್ಟು ದೂರ ಯೋಚಿಸಿದ್ದಾರೆ!

4. ಪೂರ್ತಿ ಬಂದ ಮೇಲಷ್ಟೇ ನಿಜವಾದ ಹೆಸರು

ಮೊದಲು ತಾತ್ಕಾಲಿಕ ಫೈಲಿಗೆ ಬರೆಯಿರಿ, ಉದ್ದವೂ ಚೆಕ್‌ಸಮ್ಮೂ ಹೊಂದಿದ ಮೇಲೆ ಹೆಸರು ಬದಲಿಸಿ. ತಾತ್ಕಾಲಿಕ ಫೈಲು ಅದೇ ಫೋಲ್ಡರಿನಲ್ಲಿರಲಿ; ಬೇರೆ ಡಿಸ್ಕಿನಲ್ಲಿದ್ದರೆ ಹೆಸರು ಬದಲಿಸಿ ಮುಗಿಯುವುದಿಲ್ಲ, ಇಡೀ ಫೈಲನ್ನೇ ನಕಲು ಮಾಡಬೇಕಾಗುತ್ತದೆ.