ಶಿಲುಬೆಯೂ ಗರ್ಭಕೋಶದ ಗಡ್ಡೆಯೂ ಒಂದಲ್ಲ

ಪ್ರಶ್ನೆ: ನಾನು ತುರುವೇಕೆರೆ ಕಡೆಯ ಹಳ್ಳಿಯವಳು, ವಯಸ್ಸು 43. ಊರಿಗೆಲ್ಲ ನಮ್ಮದೊಂದೇ ಕ್ರೈಸ್ತರ ಮನೆ. ಕಾಯಿ ಕೀಳಲು ಮರ ಹತ್ತಿದ್ದ ಯಜಮಾನರು ಬಿದ್ದು, ಸೊಂಟ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿದ್ದಾರೆ. ನಾನು ಕೊಬ್ಬರಿ ಒಡೆಯುವ ಕೂಲಿಗೆ ಹೋಗುತ್ತೇನೆ. ನನಗೆ ಗರ್ಭಕೋಶದಲ್ಲಿ ಗಡ್ಡೆಯಿದೆ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಕ್ತ ಹೋಗುತ್ತದೆ. ಆಪರೇಷನ್ ಆಗಬೇಕು ಎಂದಿದ್ದಾರೆ ಡಾಕ್ಟರು. ಅಕ್ಕಪಕ್ಕದವರು ಕರ್ಮ ಅನ್ನುತ್ತಾರೆ. ಪ್ರಾರ್ಥನಾ ಕೂಟದ ಹಿರಿಯರೊಬ್ಬರು, ‘ಕರ್ತನು ಪ್ರೀತಿಸುವವರನ್ನೇ ಶೋಧಿಸುತ್ತಾನೆ, ಇದು ನಿನ್ನ ಶಿಲುಬೆ, ಗೊಣಗದೆ ಹೊರು’ ಎಂದರು. ಆಪರೇಷನ್ ಬೇಡವೆಂದು ಸುಮ್ಮನಿದ್ದೇನೆ. ಪ್ರೀತಿಸುವ ದೇವರಿಗೆ ನನ್ನ ನೋವೇ ಬೇಕೇ? ಹೀಗೆ ಕೇಳುವುದೂ ಪಾಪವೇ?

ಉತ್ತರ: ಕೇಳುವುದು ಪಾಪವಲ್ಲಮ್ಮ. ನಿಮ್ಮ ಬೈಬಲಿನ ಯೋಬ ಇದನ್ನೇ ಕೇಳಿದ, ನಿಮಗಿಂತ ಗಟ್ಟಿ ದನಿಯಲ್ಲಿ. ಅವನ ಪಕ್ಕ ಕೂತು ದೇವರ ಪರ ವಕಾಲತ್ತು ಮಾಡಿದ ಗೆಳೆಯರ ಮೇಲೆಯೇ ಕೊನೆಗೆ ದೇವರಿಗೆ ಸಿಟ್ಟು ಬಂತು. ಜಗಳವಾಡಿದ ಯೋಬನೇ ಸರಿಯಾಗಿ ಮಾತಾಡಿದವನಾದ. ನಿಮ್ಮ ಹಿರಿಯರಿಗೆ ಯೋಬನ ಗ್ರಂಥದ 42ನೇ ಅಧ್ಯಾಯ ಓದಲು ಹೇಳಿ. ಕುಹಕಕ್ಕೆ ಹೇಳುತ್ತಿಲ್ಲ.

ಕರ್ಮದ ಮಾತಿಗೂ ಬೈಬಲಿನಲ್ಲೇ ಉತ್ತರವಿದೆ. ಹುಟ್ಟುಕುರುಡನನ್ನು ಕಂಡು, ಪಾಪ ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ತಳ್ಳಿಹಾಕಿದ.

ಇನ್ನು ಶಿಲುಬೆ. ಶಿಷ್ಯರು ಹೊರಬೇಕೆಂದು ಯೇಸು ಹೇಳಿದ್ದು ತನ್ನ ಹಿಂದೆ ಬಂದದ್ದಕ್ಕಾಗಿ ಎದುರಾಗುವ ಕಷ್ಟವನ್ನು. ನಿಜ ನುಡಿದು ಕೆಲಸ ಕಳೆದುಕೊಂಡರೆ, ಬಡವರ ಪರ ನಿಂತು ಏಟು ತಿಂದರೆ ಅದು ಶಿಲುಬೆ. ಗಡ್ಡೆ ಆ ಲೆಕ್ಕಕ್ಕೆ ಬರುವುದಿಲ್ಲ. 12 ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸಿನ ಕತೆ ಮಾರ್ಕನ ಸುವಾರ್ತೆಯಲ್ಲಿದೆ. ಇದ್ದಬದ್ದದ್ದನ್ನೆಲ್ಲ ವೈದ್ಯರಿಗೆ ಸುರಿದವಳು. ಜನಜಂಗುಳಿಯಲ್ಲಿ ಹಿಂದಿನಿಂದ ಬಂದು ಯೇಸುವಿನ ಬಟ್ಟೆ ಮುಟ್ಟಿದಳು. ಸಹಿಸಿಕೋ ಎಂದು ಅವನು ಅವಳನ್ನು ವಾಪಸು ಕಳಿಸಲಿಲ್ಲ, ಮಗಳೇ ಎಂದು ಕರೆದ. ಅವಳು ವಾಸಿಯಾದಳು. ತಾನೇ ಶಿಲುಬೆಗೇರುವ ಸರದಿ ಬಂದಾಗ ಗೆತ್ಸೇಮನೆ ತೋಟದಲ್ಲಿ ಅವನೂ ಮೊದಲು ಬೇಡಿದ್ದು ಈ ಸಂಕಟ ತಪ್ಪಲಿ ಎಂದೇ.

ಬೇಡಿದ್ದೆಲ್ಲ ಸಿಗುತ್ತದೆಂದು ನಾನು ಹೇಳಲಾರೆ. ಅಪೊಸ್ತಲ ಪೌಲ ಮೂರು ಸಲ ಬೇಡಿದರೂ ಅವನ ಮೈಯೊಳಗಿನ ಮುಳ್ಳು ಹೋಗಲಿಲ್ಲ. ಆದರೆ ಅವನು ಬೇಡುವುದನ್ನು ತಪ್ಪೆಂದುಕೊಳ್ಳಲಿಲ್ಲ. ನಿಮ್ಮ ಯಜಮಾನರು ಯಾಕೆ ಬಿದ್ದರು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ.

ಕಾರಣ ತಿಳಿಯದಿದ್ದರೂ ನೋವಿಗೆ ಮದ್ದು ಮಾಡಬಹುದು. 1837ರಲ್ಲಿ ನಿಮ್ಮ ನೆರೆಯ ಗುಬ್ಬಿಗೆ ಬಂದು ನೆಲೆಸಿದ ವೆಸ್ಲಿಯನ್ ಮಿಷನ್ನಿನ ಕ್ರೈಸ್ತರೇ ಮುಂದೆ ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ ಕಟ್ಟಿದರು. 1906ರಲ್ಲಿ ಮೈಸೂರಿನಲ್ಲಿ ಹೆಂಗಸರು, ಮಕ್ಕಳಿಗೆಂದು ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದರು. ನೋವು ದೇವರಿಗೆ ಇಷ್ಟವೆಂದು ನಂಬಿದವರು ಆಸ್ಪತ್ರೆ ಕಟ್ಟುತ್ತಿದ್ದರೇ? ನಿಮ್ಮ ಕಡೆ ತೆಂಗಿನ ಕಾಂಡದಿಂದ ರಸ ಸೋರಿದರೆ ದೈವಚಿತ್ತವೆಂದು ಯಾರೂ ಬಿಡುವುದಿಲ್ಲ. ಕೊಳೆತ ಭಾಗ ಕೆತ್ತಿ ಬೋರ್ಡೋ ಮುಲಾಮು ಹಚ್ಚುತ್ತಾರೆ. ಮರಕ್ಕೆ ಮಾಡುವಷ್ಟಾದರೂ ನಿಮಗೆ ನೀವು ಮಾಡಿಕೊಳ್ಳಿ.

ಇಷ್ಟು ರಕ್ತ ಹೋಗುತ್ತಿರುವಾಗ ಆಪರೇಷನ್ ಮುಂದೂಡುವುದು ಅಪಾಯ. ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ್ದನ್ನು ತುಮಕೂರಿನ ಜಿಲ್ಲಾಸ್ಪತ್ರೆಗೆ ಬರೆದುಕೊಡುತ್ತಾರೆ, ಆ ಚೀಟಿ ಜೋಪಾನ. ಯಜಮಾನರಿಗೆ ಅಂಗವಿಕಲರ ಮಾಸಾಶನ ಬರುತ್ತಿಲ್ಲವಾದರೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ.

ಯೇಸುವಿನ ಶಿಲುಬೆಯನ್ನೇ ದಾರಿಯಲ್ಲಿ ಕುರೇನೆಯ ಸೀಮೋನ ಎಂಬ ಬೇರೊಬ್ಬ ಹೊತ್ತಿದ್ದ. ನಿಮ್ಮ ಭಾರಕ್ಕೂ ಬೇರೆಯವರ ಹೆಗಲು ಬೇಕು. ಆದ್ದರಿಂದ ಮುಂದಿನ ಕೂಟದಲ್ಲಿ ಎದ್ದು ನಿಂತು ಆ ಹಿರಿಯರನ್ನೇ ಕೇಳಿ: ನಾನು ಆಸ್ಪತ್ರೆಯಲ್ಲಿರುವಷ್ಟು ದಿನ ನಮ್ಮ ಯಜಮಾನರಿಗೆ ಅನ್ನ ಕೊಟ್ಟು ಮಗ್ಗುಲು ತಿರುಗಿಸಲು ಯಾರು ಬರುತ್ತೀರಿ?