ಮ್ಯಾಟ್‌ಗೆ ದಾನ, ಕೋಚ್‌ಗೆ ವಂತಿಗೆ: ಕ್ಯಾಂಪಸ್ ಜೂಡೊ ಕ್ಲಬ್ಬಿನ ಹಣದ ದಾರಿ

ಕಾಲೇಜು ಶುರುವಾದ ಹೊಸದರಲ್ಲಿ ಜೂಡೊ ಕ್ಲಬ್ಬಿಗೆ ಹೆಸರು ಕೊಡುವವರು ಬಹಳ. ದೀಪಾವಳಿ ಹೊತ್ತಿಗೆ ಗುಂಪು ಕರಗಿರುತ್ತದೆ. ಮೈಕೈ ನೋವಿಗೆ ಹೆದರಿ ಬಿಟ್ಟವರು, ಇಂಟರ್ನಲ್ಸ್ ನೆಪ ಹೇಳಿದವರು ಇದ್ದೇ ಇರುತ್ತಾರೆ. ಆದರೆ ಗಿ, ಅಂದರೆ ದಪ್ಪ ಹತ್ತಿಯ ಜೂಡೊ ಉಡುಪು, ಕೊಳ್ಳಲು ಮನೆಯಲ್ಲಿ ದುಡ್ಡು ಕೇಳಲಾಗದೆ ಸುಮ್ಮನೆ ಬಿಟ್ಟವರೂ ಇರುತ್ತಾರೆ. ಅವರು ಕಾರಣ ಹೇಳುವುದಿಲ್ಲ. ನಿಧಿ ಸಂಗ್ರಹ ಮೊದಲು ಮುಟ್ಟಬೇಕಾದದ್ದು ಅವರನ್ನು. ಟ್ರ್ಯಾಕ್‌ಸೂಟು, ಬ್ಯಾನರು, ಟ್ರೋಫಿಗಳದ್ದು ಆಮೇಲಿನ ಮಾತು.

ಹಣ ಕೇಳಲು ಹೊರಡುವ ಮುನ್ನ ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಒಂದರಲ್ಲಿ ಮ್ಯಾಟ್, ಗಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆಯಂತಹ, ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುವ ಸಾಮಾನು. ಇನ್ನೊಂದರಲ್ಲಿ ಕೋಚ್ ಸಂಭಾವನೆ, ಹಾಲ್ ಬಾಡಿಗೆ, ಟೂರ್ನಿಯ ಓಡಾಟ. ಮೊದಲ ಕಾಲಂಗೆ ದಾನಿಗಳನ್ನು ಹುಡುಕಿ. ಎರಡನೆಯದಕ್ಕೆ ತಿಂಗಳ ವಂತಿಗೆಯನ್ನೇ ನೆಚ್ಚಿಕೊಳ್ಳಿ. ದಾನದ ಹಣದಲ್ಲಿ ಕೋಚ್ ಇಟ್ಟುಕೊಂಡ ಕ್ಲಬ್, ದಾನ ನಿಂತ ವರ್ಷ ಫೀಸು ಏರಿಸಬೇಕಾಗುತ್ತದೆ ಇಲ್ಲವೇ ಬಾಗಿಲು ಹಾಕಬೇಕಾಗುತ್ತದೆ.

ಮ್ಯಾಟ್ ವಿಚಾರದಲ್ಲಿ ಆಸೆ ಹೆಚ್ಚು. ಸ್ಪರ್ಧೆಯ ಅಂಕಣವೆಂದರೆ ಕನಿಷ್ಠ 8 ಮೀಟರ್ ಉದ್ದ, 8 ಮೀಟರ್ ಅಗಲ. ಸುತ್ತ 3 ಮೀಟರ್ ಸುರಕ್ಷಾ ಜಾಗ ಸೇರಿಸಿದರೆ 14ಕ್ಕೆ 14. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮ್ಯಾಟ್‌ಗಳಲ್ಲಿ ಅದನ್ನು ಹಾಸಲು 98 ಬೇಕು. ಅಭ್ಯಾಸಕ್ಕೆ ಅಷ್ಟು ಬೇಡ. 8ಕ್ಕೆ 6 ಮೀಟರಿನ ಜಾಗಕ್ಕೆ 24 ಮ್ಯಾಟ್ ಸಾಕು. ಸರದಿಯ ಮೇಲೆ ಎಸೆತ ಕಲಿಯಬಹುದು. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇಗುಲದಲ್ಲಿ ಜೂಡೊ ಶುರುಮಾಡಿದ್ದು 12 ಚಾಪೆಗಳ ಕೋಣೆಯಲ್ಲಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಮಾತು ಇಲ್ಲಿ ಅಕ್ಷರಶಃ ಸರಿ.

ಮುಂದಿನ ಕೆಲಸ ಗಿ ಬ್ಯಾಂಕ್. ಕೋರ್ಸ್ ಮುಗಿಸಿ ಹೋಗುವವರಿಂದ ಹಳೆಯ ಗಿ ಕೇಳಿ ಪಡೆಯಿರಿ, ಒಗೆಸಿ, ಹರಿದ ಕಾಲರ್ ಹೊಲಿಸಿ, ಅಳತೆವಾರು ನಂಬರ್ ಹಾಕಿಡಿ. ಹೊಸಬರಿಗೆ ಮೊದಲ ಸೆಮಿಸ್ಟರ್ ಪೂರ್ತಿ ಉಚಿತವಾಗಿ ಕೊಡಿ. ‘ಬಡ ವಿದ್ಯಾರ್ಥಿಗಳಿಗೆ ಮಾತ್ರ’ ಎಂದು ಬೋರ್ಡ್ ಹಾಕಿದರೆ ಅಗತ್ಯವಿರುವವರು ಕೈಚಾಚುವುದಿಲ್ಲ. ಎಲ್ಲರಿಗೂ ಎಂದರೆ ಯಾರಿಗೂ ಮುಜುಗರವಿಲ್ಲ. ಟೀ-ಶರ್ಟ್‌ನಲ್ಲಿ ಅಭ್ಯಾಸ ಮಾಡಿಸಿ ಖರ್ಚು ಉಳಿಸುವ ಯೋಚನೆ ಬೇಡ. ಜೂಡೊದಲ್ಲಿ ಹಿಡಿತವೇ ಅರ್ಧ ಆಟ, ಟೀ-ಶರ್ಟ್ ಹಿಡಿದು ಎಳೆದರೆ ಹರಿಯುತ್ತದೆ.

ಇನ್ನು ತಿಂಗಳ ಲೆಕ್ಕ. ಉದಾಹರಣೆಗೆ ಕೋಚ್‌ಗೆ 12,000 ರೂಪಾಯಿ, ಸದಸ್ಯರು 30 ಎಂದುಕೊಳ್ಳಿ. ತಲೆಗೆ 400. ಅವರಲ್ಲಿ 20 ಮಂದಿ ಪೂರ್ತಿ ಕೊಟ್ಟು, 10 ಮಂದಿ 100 ರೂಪಾಯಿ ಮಾತ್ರ ಕೊಟ್ಟರೆ 9,000 ಸೇರುತ್ತದೆ, ಕೊರತೆ 3,000. ‘ನಮಗೆ ಲಕ್ಷಗಟ್ಟಲೆ ಬೇಕು’ ಎನ್ನುತ್ತಿದ್ದ ಕ್ಲಬ್ಬಿಗೆ ನಿಜಕ್ಕೂ ಬೇಕಾದದ್ದು ತಿಂಗಳಿಗೆ 200 ರೂಪಾಯಿ ಕೊಡುವ 15 ಹಳೆಯ ವಿದ್ಯಾರ್ಥಿಗಳು, ಅಷ್ಟೆ. ಯಾರು ಎಷ್ಟು ಕೊಡುತ್ತಾರೆಂಬುದು ಖಜಾಂಚಿಗೆ ಮಾತ್ರ ಗೊತ್ತಿರಲಿ. ಬೆಲ್ಟ್ ಪರೀಕ್ಷೆಯ ಶುಲ್ಕವನ್ನು ಆದಾಯ ಮಾಡಿಕೊಳ್ಳುವ ಕ್ಲಬ್‌ಗಳನ್ನು ಕಂಡರೆ ನನಗೆ ಆಗದು. ಕೊನೆಗೆ ಬಣ್ಣ ಬದಲಾಗುತ್ತದೆ, ಕಲಿಕೆ ಅಲ್ಲೇ ಉಳಿಯುತ್ತದೆ.

ಹೊರಗೆ ಕೇಳುವ ಮೊದಲು ಒಳಗೆ ಕೇಳಿ. ಕಾಲೇಜುಗಳು ವಿದ್ಯಾರ್ಥಿಗಳಿಂದ ಕ್ರೀಡಾ ಶುಲ್ಕ ಪಡೆಯುತ್ತವೆ. ದೈಹಿಕ ಶಿಕ್ಷಣ ನಿರ್ದೇಶಕರ ಬಳಿ ಟೂರ್ನಿಗೆ ಹದಿನೈದು ದಿನ ಮುಂಚೆ ಹೋದರೆ ‘ಫಂಡ್ ಇಲ್ಲಪ್ಪ’ ಎಂಬ ಉತ್ತರವೇ ಸಿಗುವುದು. ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಮುಂದಿನ ವರ್ಷದ ಬೇಡಿಕೆ ಪತ್ರ ಡಿಸೆಂಬರ್‌–ಜನವರಿಯಲ್ಲೇ ಅವರ ಮೇಜಿನ ಮೇಲಿರಲಿ: ಸದಸ್ಯರ ಪಟ್ಟಿ, ಹಾಜರಿ, ಮೂರು ಕೊಟೇಶನ್ ಲಗತ್ತಿಸಿ. ಹಣವಿಲ್ಲವೆಂದರೆ ಹಾಲ್ ಕೇಳಿ. ಬಾಡಿಗೆ ಉಳಿದರೂ ವರಮಾನವೇ.

ಕ್ಯಾಂಪಸ್ ಫೆಸ್ಟ್‌ನಲ್ಲಿ ಚುರುಮುರಿ, ಮಜ್ಜಿಗೆ ಮಳಿಗೆ ಹಾಕುವುದು ಎಲ್ಲರಿಗೂ ಹೊಳೆಯುತ್ತದೆ. ಹಾಕಿ, ಬೇಡವೆನ್ನುವುದಿಲ್ಲ, ಆದರೆ ದಿನವಿಡೀ ಹತ್ತು ಜನ ದುಡಿದ ಮೇಲೆ ಉಳಿಯುವುದು ಕಡಿಮೆ. ಜೂಡೊ ಗೊತ್ತಿದ್ದವರು ಜೂಡೊವನ್ನೇ ಮಾರಬೇಕು. ಸುರಕ್ಷಿತವಾಗಿ ಬೀಳುವ ಕಲೆ, ಉಕೆಮಿ, ಬೈಕ್ ಓಡಿಸುವವರಿಂದ ಹಿಡಿದು ನಿವೃತ್ತಿಗೆ ಹತ್ತಿರವಾದ ಸಿಬ್ಬಂದಿಯವರೆಗೆ ಎಲ್ಲರಿಗೂ ಬೇಕು. ಹಾಸ್ಟೆಲ್ ಹುಡುಗಿಯರಿಗೆ ಆತ್ಮರಕ್ಷಣೆ, ಅಕ್ಕಪಕ್ಕದ ಶಾಲೆ, ಕಚೇರಿಗಳಿಗೆ ಭಾನುವಾರದ ಶಿಬಿರ, ಇವಕ್ಕೆ ಶುಲ್ಕ ಇಡಬಹುದು. ಕಲಿಸುವುದು ಕೋಚ್ ಕಣ್ಣೆದುರು ಮಾತ್ರ ನಡೆಯಲಿ.

ಇನ್ನೊಂದು ‘ಸಾವಿರ ಎಸೆತ’. ಒಂದೇ ದಿನ ಕ್ಲಬ್ಬಿನವರೆಲ್ಲ ಸೇರಿ 1,000 ಎಸೆತ ಪೂರೈಸುವುದು. ಎಸೆತಕ್ಕೆ 50 ಪೈಸೆ ಎಂದು ಒಪ್ಪಿಕೊಂಡ ಮೇಷ್ಟ್ರು ಸಂಜೆ 500 ರೂಪಾಯಿ ಕೊಡಬೇಕು! ಬೀಳುವ ಸರದಿ ಚೆನ್ನಾಗಿ ಬೀಳಲು ಬಲ್ಲವರದ್ದೇ ಆಗಿರಲಿ. ಹಣದ ಜತೆ ಹೊಸ ಸದಸ್ಯರೂ ಸಿಗುತ್ತಾರೆ. ಟಿಕೆಟ್ ಮಾರಿ ಲಕ್ಕಿ ಡ್ರಾ ಮಾಡುವ ಯೋಚನೆ ಮಾತ್ರ ಬಿಡಿ; ರಾಜ್ಯದಲ್ಲಿ 2007ರಲ್ಲೇ ಲಾಟರಿ ನಿಷೇಧವಾಗಿದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಹೊರದೇಶದಲ್ಲಿರುವವರು ಇದ್ದಾರೆಯೇ? ಇಲ್ಲೊಂದು ಹಳ್ಳವಿದೆ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಡಕಿಲ್ಲ. ಅಮೆರಿಕದ ಪೌರರಾದ ಗೆಳೆಯರು ಕೊಟ್ಟರೆ, ಅವರ ಬಳಿ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆ. ವಿದೇಶಿ ವಂತಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಮುಟ್ಟುವಂತಿಲ್ಲ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣಕ್ಕೂ ದಾರಿಯಿದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಒಲಿಂಪಿಕ್ ಕ್ರೀಡೆಗಳ ತರಬೇತಿ ಸೇರಿದೆ. ಜೂಡೊ 1964ರ ಟೋಕಿಯೊ ಕೂಟದಲ್ಲೇ ಒಲಿಂಪಿಕ್ ಕಣಕ್ಕಿಳಿದ ಆಟ. ನೀವೇ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ಆದರೆ ಕಂಪನಿಗಳು ಅಂಥ ಸಂಘದಿಂದ ಮೂರು ವರ್ಷದ ಕೆಲಸದ ದಾಖಲೆ, ತೆರಿಗೆ ನೋಂದಣಿ, ಸಿಎಸ್‌ಆರ್-1 ನೋಂದಣಿ ಸಂಖ್ಯೆ ಎಲ್ಲವನ್ನೂ ಕೇಳುತ್ತವೆ. ಶಾಸನದಡಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಆ ಮೂರು ವರ್ಷದ ಷರತ್ತಿಲ್ಲ, ಸಿಎಸ್‌ಆರ್-1 ಇದ್ದರಾಯಿತು. ಆದ್ದರಿಂದ ಅರ್ಜಿ ಅದರ ಹೆಸರಿನಲ್ಲೇ ಹೋಗಲಿ. ಒಂದು ದಿನದ ಟೂರ್ನಿಗೆ ಪ್ರಾಯೋಜಕತ್ವ ಕೇಳಿದರೆ ಅದು ಜಾಹೀರಾತು, ಸಿಎಸ್‌ಆರ್ ಅಲ್ಲ. ಅರ್ಜಿಯಲ್ಲಿ ವರ್ಷದ ತರಬೇತಿ, 24 ಮ್ಯಾಟ್, 30 ಗಿ ಎಂದು ಬಿಡಿಸಿ ಬರೆಯಿರಿ. ಮ್ಯಾಟ್ ಅಂಗಡಿಯ ಬಿಲ್ ನೇರವಾಗಿ ಕಂಪನಿಯೇ ಕಟ್ಟುವುದಾದರೆ ಇನ್ನೂ ವಾಸಿ.

ಊರಿನ ಅಂಗಡಿಯವರು, ವೈದ್ಯರು ಕೊಡುವ ಸಣ್ಣ ದಾನಕ್ಕೆ ಇಷ್ಟೆಲ್ಲ ಬೇಡ, ರಸೀದಿ ಸಾಕು. ‘80ಜಿ ಸಿಗುತ್ತಾ?’ ಎಂದು ತೆರಿಗೆ ವಿನಾಯಿತಿ ಕೇಳಿದರೆ, ಆ ಮಾನ್ಯತೆ ಇರುವ ಸಂಸ್ಥೆಯ ಖಾತೆಗೆ ಕೊಟ್ಟರೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಿ. ಆಗಲೂ 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ.

ಕ್ಯಾಪ್ಟನ್‌ನ ಸ್ವಂತ ಖಾತೆಯ ಕ್ಯುಆರ್ ಕೋಡ್ ಅಂಟಿಸಿ ಹಣ ಎತ್ತುವ ರೂಢಿ ಹಲವೆಡೆ ಇದೆ. ಹುಡುಗ ಪ್ರಾಮಾಣಿಕನೇ ಇರಬಹುದು. ಆದರೆ ಫೈನಲ್ ಇಯರ್ ಮುಗಿಸಿ ಅವನು ಹೋದಾಗ ಲೆಕ್ಕವೂ ಅವನ ಫೋನಿನೊಂದಿಗೆ ಹೋಗುತ್ತದೆ. ಕ್ಲಬ್ಬಿನ ಹೆಸರಿನಲ್ಲಿ, ಒಬ್ಬ ಅಧ್ಯಾಪಕರು ಮತ್ತು ಒಬ್ಬ ವಿದ್ಯಾರ್ಥಿಯ ಜಂಟಿ ಸಹಿಯ ಖಾತೆ ತೆರೆಯಿರಿ. ಪ್ರತಿ ಮಾರ್ಚ್‌ನಲ್ಲಿ ಒಂದು ಪುಟದ ಲೆಕ್ಕವನ್ನು ಕೊಟ್ಟವರಿಗೆಲ್ಲ ಕಳಿಸಿ: ಎಷ್ಟು ಬಂತು, ಎಷ್ಟು ಮ್ಯಾಟ್ ಆಯಿತು, ಎಷ್ಟು ಗಿ ಸಾಲಕ್ಕೆ ಹೋಗಿವೆ, ಎಷ್ಟು ಉಳಿದಿದೆ. ಮುಂದಿನ ವರ್ಷದ ಬೇಡಿಕೆಯನ್ನು ಅದೇ ಪುಟದ ಕೆಳಗೆ ಬರೆದರೆ ಬೇರೆ ಪತ್ರ ಬರೆಯುವ ಕೆಲಸವೂ ತಪ್ಪುತ್ತದೆ.