ಕಳಚುವ ಬೇಸ್ ಇದೆಯೇ, ಕೇಳಿ

ನ್ಯೂಜೆರ್ಸಿಯ ತಾಯಿಗೆ: ಬೇಸ್‌ಗೆ ಜಾರುವಾಗ ಹತ್ತು ವರ್ಷದ ಮಗನ ಪಾದದ ಕೀಲು ಉಳುಕಿತೆಂದು ಬೇಸ್‌ಬಾಲನ್ನೇ ಬಿಡಿಸಬೇಡಿ. ಜಾರಿಬಂದ ಕಾಲು ನೆಲಕ್ಕೆ ಬಿಗಿದ ಬೇಸ್‌ಗೆ ಬಡಿದರೆ ಓಟದ ವೇಗವೆಲ್ಲ ಕೀಲಿನ ಮೇಲೆಯೇ ಬೀಳುತ್ತದೆ. ಹೊಡೆತಕ್ಕೆ ಕಳಚಿಕೊಳ್ಳುವ ಬೇಸ್‌ಗಳಿವೆ. ಮಿಷಿಗನ್‌ನ ಡಾ. ಡೇವಿಡ್ ಜಾಂಡಾ ತಂಡ ಸಾಫ್ಟ್‌ಬಾಲ್‌ನಲ್ಲಿ ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಬಿಗಿದ ಬೇಸ್‌ನ 627 ಪಂದ್ಯಗಳಲ್ಲಿ 45 ಗಾಯ; ಕಳಚುವ ಬೇಸ್‌ನ 633 ಪಂದ್ಯಗಳಲ್ಲಿ ಎರಡೇ ಎರಡು! ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್ 2008ರಿಂದ ಕಳಚುವ ಬೇಸ್‌ಗಳನ್ನು ಕಡ್ಡಾಯ ಮಾಡಿದೆ. ಮಗನ ಮೈದಾನದಲ್ಲಿ ಇವೆಯೇ ಎಂದು ಕೋಚ್ ಅವರನ್ನು ಸಂಕೋಚವಿಲ್ಲದೆ ಕೇಳಿ. (ಟಿ.ವಿ. ನೋಡಿ ತಲೆ ಮುಂದಾಗಿ ಹಾರುವುದನ್ನು ಕಲಿತಿದ್ದರೆ ಆ ಚಟ ಬಿಡಿಸಿ. ಲಿಟಲ್ ಲೀಗ್‌ನಲ್ಲಿ ಆ ವಯಸ್ಸಿನವರು ಮುಂದಿನ ಬೇಸ್‌ಗೆ ಹಾಗೆ ಜಾರುವಂತಿಲ್ಲ.) ಕಾಲೂರಲಾಗದಷ್ಟು ನೋವಿದ್ದರೆ ಮಾತ್ರ ಎಣ್ಣೆ ತಿಕ್ಕುತ್ತ ಕೂರದೆ ಇಂದೇ ಎಕ್ಸ್-ರೇ ಮಾಡಿಸಿ.